ಆಕಾಶದಿಂದ ಟ್ರಾಫಿಕ್ ನೋಡೋ ಭಾಗ್ಯ

ಸ್ಕೈಡೆಕ್, ಅದೇ ಮೇಲೆ ಹತ್ತಿ ಊರು ನೋಡೋಕೆ ಅಂತ ಬೆಂಗಳೂರಲ್ಲಿ ಕಟ್ತೀವಿ ಅಂತಿರೋ ಗೋಪುರ, ಅದ್ರ ಸುದ್ದಿ ಮತ್ತೆ ಪೇಪರಲ್ಲಿ ನೋಡ್ದೆ, ಕಾಫಿ ಗಂಟಲಲ್ಲೇ ನಿಂತ್ಕೊಳ್ತು. 250 ಮೀಟರ್ ಎತ್ತರ, 500 ಕೋಟಿ, 2024ರ ಆಗಸ್ಟಲ್ಲೇ ಕ್ಯಾಬಿನೆಟ್ಟು ಹೂಂ ಅಂದಿದ್ದು. ಮೊದಲು ಬೈಯಪ್ಪನಹಳ್ಳಿ ಹಳೇ ಎನ್‌ಜಿಇಎಫ್ ಕಾರ್ಖಾನೆ ಜಾಗ ಅಂದ್ರು, ಆಮೇಲೆ ಹೆಮ್ಮಿಗೆಪುರ ಅಂದ್ರು. ಟೂರಿಸ್ಟ್ ಬರೋದಿರ್ಲಿ, ಗೋಪುರನೇ ಊರೆಲ್ಲಾ ಟೂರ್ ಹೊಡೀತಿದೆ.

ಮೇಲೆ ಹತ್ತಿದ್ರೆ ಏನ್ ಕಾಣುತ್ತೆ ಹೇಳಿ? ಹೆಮ್ಮಿಗೆಪುರದಲ್ಲಾದ್ರೆ ಶುಕ್ರವಾರ ಸಂಜೆ ಮೈಸೂರು ರೋಡ್ ಚೆನ್ನಾಗಿ ಕಾಣ್ಬಹುದು, ಬ್ರೇಕ್ ಲೈಟುಗಳ ಸಾಲು, ದೀಪಾವಳಿ ತರ. ಅಂದ್ರೆ ಬೆಂಗಳೂರಿನ ದುಡ್ಡು ಕಾರಲ್ಲಿ ಕೂತ್ಕೊಂಡು ಕೊಡಗಿಗೆ ಹೋಗೋದನ್ನ ನಾವು ಟಿಕೆಟ್ ತಗೊಂಡು ನೋಡ್ಬಹುದು.

ಇದ್ರಿಂದ ಆರ್ಥಿಕತೆ ಬೆಳೆಯುತ್ತಂತೆ. ಹೊರಗಿನಿಂದ ಬಂದೋನು ಖರ್ಚು ಮಾಡಿದ್ರೆ ಸರಿ, ಊರಿಗೆ ಹೊಸ ದುಡ್ಡು. ಜಯನಗರದೋನು ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೋಗಿ ಸೆಲ್ಫಿ ತಗೊಂಡ್ರೆ ಅದು ಆ ಭಾನುವಾರ ಮಸಾಲೆದೋಸೆಗೆ ಹೋಗ್ಬೇಕಿದ್ದ ದುಡ್ಡೇ ತಾನೇ, ಎಡಗಡೆ ಜೇಬಿಂದ ಬಲಗಡೆ ಜೇಬಿಗೆ.

ಅಸಲಿ ಟೂರಿಸ್ಟ್ ಅಂದ್ರೆ ನಮ್ಮ ದಾವಣಗೆರೆ ಚಿಕ್ಕಪ್ಪ. ಆಗಸ್ಟಲ್ಲಿ ಲಾಲ್‌ಬಾಗ್ ಫ್ಲವರ್ ಶೋಗೆ ಬಂದ್ರು, ಚಿಕ್ಕಮ್ಮ ಶಕ್ತಿ ಯೋಜನೆ ಬಸ್ಸಲ್ಲಿ ಫ್ರೀ, ಇವರೊಬ್ಬರದ್ದೇ ಟಿಕೆಟ್ಟು. ಮನೆಗೆ ಬಂದು ಚಪ್ಪಲಿ ಬಿಡೋಕ್ ಮುಂಚೆನೇ ಶುರು, "ಏನೋ ಇದು, ದಾವಣಗೆರಿಯಿಂದ ಬರಾಕಾದ ರೊಕ್ಕಕ್ಕಿಂತ ಮೆಜೆಸ್ಟಿಕ್ಕಿಂದ ನಿಮ್ಮನಿಗೆ ಆಟೋಕ್ಕೆ ಜಾಸ್ತಿ ಆತಲ್ಲೋ!" ಆ ಆಟೋನೂ ಆ್ಯಪಲ್ಲಿ ಬುಕ್ ಮಾಡಿದ್ದು. ಮಾರನೇ ದಿನ ಲಾಲ್‌ಬಾಗ್ ಗೇಟ್ ಹೊರಗೆ ತಳ್ಳೋ ಗಾಡಿ ಹತ್ರ ಉಪ್ಪು ಖಾರ ಹಾಕಿದ ಮಾವಿನಕಾಯಿ ತಿಂದ್ರು, 30 ರೂಪಾಯಿ. ಆ 30 ರೂಪಾಯಿ ಗಾಡಿಯಮ್ಮನಿಂದ ಸಂಜೆಗೆ ದಿನಸಿ ಅಂಗಡಿಗೆ ಹೋಯ್ತು, ಅಂಗಡಿಯೋನಿಂದ ಅವನ ಮಗಳ ಟ್ಯೂಷನ್ ಮೇಡಮ್‌ಗೆ, ಮೇಡಮ್‌ನಿಂದ ಹಾಲಿನೋನಿಗೆ, ಹಿಂಗೇ ಅಲ್ವಾ ಕೈ ಬದ್ಲಾಗೋದು? ಎಕನಾಮಿಕ್ಸ್ ಮೇಷ್ಟ್ರು ಬೋರ್ಡ್ ಮೇಲೆ ಮಲ್ಟಿಪ್ಲೈಯರ್ ಅಂತ ಬರೆದು ನಮ್ಮನ್ನೆಲ್ಲ ಫೇಲ್ ಮಾಡಿದ್ದು ಇದೇ ಲೆಕ್ಕಕ್ಕೆ. ದೊಡ್ಡ ದೊಡ್ಡ ಹೋಟೆಲ್ ಬುಕಿಂಗ್ ಆ್ಯಪಿನ ಕಮಿಷನ್ನು ಹಂಗಲ್ಲ, ರೂಮ್ ಕೀ ಕೈಗೆ ಬರೋಕ್ ಮುಂಚೆನೇ ಊರು ಬಿಟ್ಟಿರುತ್ತೆ.

ಎರಡು ವಾರ ಆದ್ಮೇಲೆ ಆ ಕಡೆ ಹೋದ್ರೆ ಗಾಡಿನೂ ಇಲ್ಲ, ಆಯಮ್ಮನೂ ಇಲ್ಲ. ಫುಟ್‌ಪಾತ್ ಕ್ಲಿಯರ್ ಮಾಡಿದ್ರಂತೆ, ಊರು ಚೆಂದ ಕಾಣ್ಬೇಕಲ್ಲ.

ಇಲ್ಲಿ ನನಗೆ ಜೋಕ್ ಬರ್ತಿಲ್ಲ. ಕೆಳಗೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ಅಂತೀರಿ, ಮೇಲೆ ಸ್ಕೈಡೆಕ್ ಅಂತೀರಿ, ಪಾತಾಳನೂ ಆಯ್ತು ಆಕಾಶನೂ ಆಯ್ತು, ಮಧ್ಯೆ ಮನುಷ್ಯ ನಡೆಯೋಕೆ ಒಂದು ನೆಟ್ಟಗಿರೋ ಫುಟ್‌ಪಾತು, ಅದ್ರ ಪಕ್ಕ ಒಂದು ಗಾಡಿ ನಿಲ್ಲೋಷ್ಟು ಜಾಗ, ಅಷ್ಟು ಕೊಡೋಕಾಗಲ್ವಾ? ಟೂರಿಸ್ಟು ಬರ್ತಾನೆ ಅಂತಲ್ಲ, ನಾವು ಇಲ್ಲೇ ಇದೀವಿ ಅಂತಾದ್ರೂ.

ನಿನ್ನೆ ಚಿಕ್ಕಪ್ಪಂಗೆ ಫೋನಲ್ಲಿ ಸ್ಕೈಡೆಕ್ ಬಗ್ಗೆ ಹೇಳ್ದೆ. ಪೂರ್ತಿ ಕೇಳಿಸ್ಕೊಂಡ್ರು.

"ನಮ್ ಓಣ್ಯಾಗೂ ನೀರಿನ ಟ್ಯಾಂಕ್ ಐತಲ್ಲೋ, ಹತ್ತಿದ್ರ ಊರೆಲ್ಲಾ ಕಾಣ್ತತಿ. ನೀರೊಂದ್ ಇಲ್ಲ ನೋಡು."