ಶೋ ಮುಗೀತು ಅನ್ನೋಕೆ ಇಷ್ಟು ಅವಸರ ಯಾಕೆ?

ಅಮೆರಿಕದ ಟಿವಿ ಕಾಮಿಡಿ ಶೋ 'ಸ್ಯಾಟರ್ಡೇ ನೈಟ್ ಲೈವ್'ನಿಂದ ನಟರು ಒಬ್ಬೊಬ್ಬರೇ ಹೊರಡುತ್ತಿದ್ದಾರೆ, ಇನ್ನು ಶೋ ಮುಗಿದ ಹಾಗೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸ್ವಲ್ಪ ತಡೀರಿ ಸಾರ್. ಮೊದಲ ತಂಡದ ನಟ ಚೆವಿ ಚೇಸ್ ಬಿಟ್ಟಿದ್ದು 1976ರಲ್ಲಿ, ಆಗ ಶೋಗೆ ಒಂದು ವರ್ಷ ತುಂಬಿತ್ತಷ್ಟೆ. ಮುಂದಿನ ಜನವರಿಗೆ ಬಿಲ್ ಮರ್ರೇ ಬಂದರು. 1980ರಲ್ಲಂತೂ ನಿರ್ಮಾಪಕ ಲಾರ್ನ್ ಮೈಕಲ್ಸ್ ಅವರೇ ಹೊರಟರು, ಹಳೇ ತಂಡವೂ ಖಾಲಿ. ಆಮೇಲೆ ಬಂದ ಸೀಸನ್ ಎಲ್ಲರ ಕೈಲೂ ಬೈಸಿಕೊಂಡಿತು, ಆದರೆ 19ರ ಹುಡುಗ ಎಡ್ಡಿ ಮರ್ಫಿ ಸಿಕ್ಕಿದ್ದು ಅದರಲ್ಲೇ ಅಲ್ವಾ?

ನನಗೆ ಬೇಜಾರಾಗುವುದು ಕಳಿಸಿಕೊಡುವ ರೀತಿಗೆ. 2022ರಲ್ಲಿ ಕೇಟ್ ಮೆಕಿನನ್‌ಗೆ ಎಷ್ಟು ಚೆನ್ನಾಗಿ ಬೀಳ್ಕೊಟ್ಟರು! ಏಲಿಯನ್‌ಗಳು ಪದೇಪದೇ ಹೊತ್ತೊಯ್ಯುವ ಅದೇ ಮಿಸ್ ರಾಫರ್ಟಿ ಪಾತ್ರದಲ್ಲಿ ಅಂತರಿಕ್ಷ ನೌಕೆ ಹತ್ತಿ ಹೊರಟರು, ನಗುತ್ತಲೇ ಗಂಟಲು ಕಟ್ಟಿತು. ಎಂಟು ಸೀಸನ್ ದುಡಿದ ಹೈಡಿ ಗಾರ್ಡ್ನರ್ ಹೋದ ಸುದ್ದಿ ಬಂದಿದ್ದು ಮಾತ್ರ 2025ರ ಆಗಸ್ಟ್‌ನಲ್ಲಿ, ಶೋಗೇ ರಜೆ ಇದ್ದಾಗ. ವೇದಿಕೆ ಮೇಲೆ ಒಂದು ಟಾಟಾನೂ ಇಲ್ಲ.

ಇಲ್ಲಿ ಬೆಂಗಳೂರಲ್ಲಿ ಭಾನುವಾರ ದೋಸೆ ತಿಂದು ಮನೆಗೆ ಬರುವಷ್ಟರಲ್ಲಿ ಯೂಟ್ಯೂಬ್‌ಗೆ ಕ್ಲಿಪ್ ಬಂದಿರುತ್ತವೆ. ಹೊಸಬರ ಮುಖ ಪರಿಚಯ ಆಗೋಕೆ ಟೈಮ್ ಬೇಕು, ನಿಜ. ಅದಕ್ಕೆ ಸುಮ್ನೆ ಶೋಕಗೀತೆ ಹಾಡಬೇಡಿ. ಕೆನನ್ ಥಾಂಪ್ಸನ್ 2003ರಿಂದ ಅಲ್ಲೇ ಇದ್ದಾರೆ. ಅವರು ಹೊರಟ ದಿನ ಬೇಕಾದರೆ 'ಶೋ ಮುಗೀತು' ಅಂತ ಹೆಡ್ಡಿಂಗ್ ಹಾಕಿ, ನಾನೂ ಬಂದು ಅಳುತ್ತೇನೆ.