ನಾಲ್ಕನೇ ಕಾಲು

31 ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದ ಮೇಲೆ ಮನೆಯಲ್ಲಿ ನಾನು ಎಲ್ಲಿ ಕೂತರೂ ಅಲ್ಲೇ ಕಸ ಗುಡಿಸುವ ಹೊತ್ತಾಗುತ್ತಿತ್ತು. ನಮ್ಮತ್ತೆಯಂತೂ ಬಾಯಿಬಿಟ್ಟೇ ಹೇಳಿದರು, "ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ." ನನ್ನ ಮಗ ಬೆಂಗಳೂರಿನಲ್ಲಿದ್ದಾನೆ, ಕೈಗೆ ಸಿಗುವುದಿಲ್ಲ. ಹಾಗಾಗಿ ತುರಿಮಣೆ ಮಾಡಲು ಹೊರಟೆ.

ಹಳೆಯ ತುರಿಮಣೆಯ ಹಲಗೆ ಗೆದ್ದಲು ಹಿಡಿದು ಹೋಗಿತ್ತು, ತುರಿಯುವ ಕಬ್ಬಿಣ ಮಾತ್ರ ಗಟ್ಟಿಯಾಗಿತ್ತು. ಹಲಗೆ, ಕಾಲು ಮಾಡಿದರೆ ಮುಗಿಯಿತಲ್ಲ. ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಕಡೆ ಹೋಗಿ ಗರಗಸ, ಎರಡು ಉಳಿ, ಕೀಸುಳಿ, ಮೂಲೆ ನೇರ ನೋಡುವ ಮೂಲಮಟ್ಟ ಎಲ್ಲ ತಂದೆ. ವರ್ಷಕ್ಕೊಂದು ಸಲ ಬಾಗಿಲು ತೆರೆಯುವ ಹಾಸನಾಂಬೆಯ ಹಾಗೆ ನನ್ನ ಹಳೇ ಟೂಲ್ ಬಾಕ್ಸು ಆಯುಧಪೂಜೆಗೆ ಮಾತ್ರ ತೆರೆಯುತ್ತಿತ್ತು. ಅದಕ್ಕೂ ಒಂದು ಕಾಲ ಬಂತು ಅಂದುಕೊಂಡೆ.

ಅಂಗಡಿಯಿಂದ ತಂದ ಹೊಸ ಉಳಿ ಮರ ಕೆತ್ತುವುದಿಲ್ಲ ಎಂಬುದು ಮೊದಲ ದಿನವೇ ಗೊತ್ತಾಯಿತು. ಅದನ್ನು ನಾವೇ ಸಾಣೆ ಹಿಡಿದು ಹರಿತ ಮಾಡಿಕೊಳ್ಳಬೇಕಂತೆ. ನಾನು ಹರಿತದ ಕೊರತೆಯನ್ನು ಸುತ್ತಿಗೆಯಿಂದ ತುಂಬಿದೆ. ಉಳಿಗೆ ಹೊಡೆಯಬೇಕಾದ್ದು ಮರದ ಕೊಡತಿಯಿಂದ. ಕಬ್ಬಿಣದ ಸುತ್ತಿಗೆಯ ಮೂರನೇ ಏಟಿಗೆ ಉಳಿಯ ಹಿಡಿ ಎರಡು ಸೀಳಾಯಿತು. ಕೀಸುಳಿಯದು ಇನ್ನೊಂದು ಕಥೆ. ಬೆಕ್ಕಿನ ಮೈಯನ್ನು ಬಾಲದಿಂದ ತಲೆ ಕಡೆಗೆ ಸವರಿದರೆ ಅದು ಹೇಗೆ ಮೈ ಜುಂ ಎನಿಸಿಕೊಳ್ಳುತ್ತದೋ, ಎಳೆಗೆ ಎದುರಾಗಿ ಕೀಸಿದರೆ ಮರವೂ ಹಾಗೇ. ನುಣುಪಾಗುವ ಬದಲು ಕಿತ್ತು ಕಿತ್ತು ಬರುತ್ತದೆ. ಹಲಗೆಯನ್ನು ತಿರುಗಿಸಿ ಇಟ್ಟುಕೊಂಡರೆ ಸಾಕಿತ್ತು. ನಾನು ಮಾತ್ರ ಎರಡು ದಿನ ಉಪ್ಪುಕಾಗದ ತಿಕ್ಕಿದೆ.

ಹಲಗೆಗೆ ಸಕಲೇಶಪುರದ ಭಾವಮೈದನ ಅಟ್ಟದ ಮೇಲಿದ್ದ ಹಳೇ ಹಲಸಿನ ಬಾಗಿಲು ಸಿಕ್ಕಿತು. ಜೇನಿನ ಬಣ್ಣ, ಕಲ್ಲಿನಂಥ ಒಣಗು. ಕಾಲಿಗೆ ಅವನ ಕಾಫಿ ತೋಟದಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್‌ನ ಕೊಂಬೆ, ಹಿಂದಿನ ವಾರವಷ್ಟೇ ಕಡಿದದ್ದು. "ಭಾವ, ಇದು ಹಸಿ ಇದೆ, ವರ್ಷ ಬಿಡಿ" ಅಂದ. ತುರಿಮಣೆಯ ಕಾಲಿಗೆ ವರ್ಷ ಕಾಯುವವರಿದ್ದಾರೆಯೇ?

ಕಾಲೊಂದಕ್ಕೆ 4 ಇಂಚು, ನಾಲ್ಕು ಕಾಲು. ಮೂಲಮಟ್ಟ ಹಿಡಿದು ಸರಿಯಾಗಿ 16 ಇಂಚಿನ ಕೋಲು ತಯಾರಿಸಿದೆ. ಹದಿನಾರನ್ನು ನಾಲ್ಕರಿಂದ ಭಾಗಿಸಿದರೆ ನಾಲ್ಕು, ಶೇಷ ಸೊನ್ನೆ. ನಾಲ್ಕು ನಾಲ್ಕು ಇಂಚು ಅಳೆದು ಮೂರು ಸಲ ಕೊಯ್ದೆ, ಉಳಿದದ್ದೇ ನಾಲ್ಕನೇ ಕಾಲು. ತೂತಿಗೆ ಫೆವಿಕಾಲ್ ಸುರಿದು ನಾಲ್ಕನ್ನೂ ಕೂರಿಸಿದೆ. ನೆಲದ ಮೇಲಿಟ್ಟರೆ ಟಕ್. ಆ ಕಡೆ ಒತ್ತಿದರೆ ಟಕ್.

"ನೆಲ ಡೊಂಕು" ಅಂದೆ. ಕುಣಿಯಲಾರದವಳ ಗಾದೆ ಮನೆಯವಳ ಬಾಯಿಂದ ಹೊರಡುವ ಮೊದಲೇ ಮೊಮ್ಮಗಳ ಗೋಲಿ ತಂದು ಹಾಲಿನಲ್ಲಿ ಬಿಟ್ಟೆ. ನಮ್ಮದು ಹಳೆಯ ಕೆಂಪು ರೆಡ್ ಆಕ್ಸೈಡ್ ನೆಲ. ಗೋಲಿ ನಿಧಾನಕ್ಕೆ ಹೊರಟು, ಯೋಚಿಸಿ, ತಿರುಗಿ ಸೋಫಾ ಕೆಳಗೆ ಹೋಯಿತು. ಗೆದ್ದೆ! ಡೊಂಕು ನೆಲದಲ್ಲಿ ಡೊಂಕು ಮಣೆಗೆ ಹೊಂದುವ ಜಾಗ ಎಲ್ಲೋ ಇರಲೇಬೇಕು. ಮಣೆ ಹಿಡಿದು ಮನೆಯೆಲ್ಲ ಸುತ್ತಿದೆ. ಅಡುಗೆಮನೆಯಲ್ಲಿ ಇಲ್ಲ, ನಡುಮನೆಯಲ್ಲಿ ಇಲ್ಲ. ಕೊನೆಗೆ ಸಿಕ್ಕಿತು, ಟಿವಿಗೂ ದೇವರ ಮನೆಯ ಬಾಗಿಲಿಗೂ ನಡುವೆ. ಅಲ್ಲಿಟ್ಟರೆ ಬೆಟ್ಟದ ಹಾಗೆ ಅಲುಗುವುದಿಲ್ಲ. ಕಾಲಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ನಾಲ್ಕು ವೃತ್ತ ಬರೆದೆ. ಮನೆಯವಳು ನಾಲ್ಕು ದಿನ ಧಾರಾವಾಹಿ ನೋಡುತ್ತಾ ಕಾಯಿ ತುರಿದಳು. ಐದನೇ ದಿನ ಮನೆ ಒರೆಸುವಾಕೆ ವೃತ್ತಗಳನ್ನು ಒರೆಸಿಬಿಟ್ಟಳು. ಆ ಜಾಗ ಮತ್ತೆ ಸಿಗಲೇ ಇಲ್ಲ.

ಬೇಲೂರಿನಲ್ಲಿ 1117ರಲ್ಲೇ ಬಳಪದ ಕಲ್ಲಿನ ಕಂಬಗಳನ್ನು ತಿರುಗಣೆಗೆ ಹಾಕಿ ಕನ್ನಡಿಯ ಹಾಗೆ ಕಡೆದು ನಿಲ್ಲಿಸಿದ್ದಾರೆ. ದಾಸೋಜ, ಚಾವಣ ಎಂದು ಅಪ್ಪ ಮಗ ಇಬ್ಬರೂ ತಾವು ಕೆತ್ತಿದ್ದಕ್ಕೆ ಹೆಸರು ಹಾಕಿಕೊಂಡಿದ್ದಾರೆ. ಅದೇ ಜಿಲ್ಲೆಯ ನೀರು ಕುಡಿದವನು ನಾನು. ಹಲಗೆಯ ಅಡಿಯಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡಿದ್ದ ಹೆಸರನ್ನು ಸದ್ದಿಲ್ಲದೆ ಅಳಿಸಿದೆ.

ಬೇಸಿಗೆ ಬಂತು. ಹಸಿ ಕಾಲುಗಳು ಒಣಗಿ ಸಣಕಲಾದವು. ಹಲಗೆ ಮೊದಲೇ ಒಣಗಿದ್ದರಿಂದ ತೂತು ಮಾತ್ರ ಇದ್ದಷ್ಟೇ ಇತ್ತು. ಒದ್ದೆ ಮರಕ್ಕೆ ಫೆವಿಕಾಲೂ ಹಿಡಿದಿರಲಿಲ್ಲ. ಮಣೆ ಎತ್ತಿದರೆ ಕಾಲು ನೆಲದಲ್ಲೇ ನಿಲ್ಲುತ್ತಿತ್ತು. ಕೊನೆಗೆ ಹಿಂದಿನ ಬೀದಿಯ ಆಚಾರಿಯನ್ನು ಕರೆಸಿದೆ. ನೋಡಿದರೆ ನನ್ನ ಹಳೇ ಶಿಷ್ಯ, ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲೇ ಫೇಲಾದವನು.

ಕಾಲುಗಳನ್ನು ಹಲ್ಲು ಕಿತ್ತ ಹಾಗೆ ಕೈಯಲ್ಲೇ ಕಿತ್ತು ಸಾಲಾಗಿ ನಿಲ್ಲಿಸಿದ. ಒಂದು ಕಾಲು ಕಾಲಿಂಚು ಗಿಡ್ಡ.

"ಸಾ, ಗರಗಸ ತಿಂದಿದ್ದು ಲೆಕ್ಕಕ್ಕೆ ಹಿಡೀಲಿಲ್ವಾ?"

ಒಂದು ಕೊಯ್ತಕ್ಕೆ ಗರಗಸದ ಹಲ್ಲು 2 ಮಿಲಿಮೀಟರ್ ಪುಡಿ ಮಾಡುತ್ತದೆ. ಮೂರು ಕೊಯ್ತಕ್ಕೆ 6. ಅಂಗಳದಲ್ಲಿ ಬಿದ್ದಿದ್ದ ಹೊಟ್ಟನ್ನು ಗುಲಾಬಿ ಗಿಡದ ಬುಡಕ್ಕೆ ಹಾಕಿದ್ದವನು ನಾನೇ.

"ಅಲ್ಲಾ ಸಾ, ಇದಕ್ಕೆ ನಾಲ್ಕು ಯಾಕೆ? ಮೂರು ಕಾಲು ಎಂಥಾ ನೆಲದ ಮೇಲಾದ್ರೂ ಕೂರ್ತದೆ. ನಾಲ್ಕನೇದು ಬರೀ ಜಗಳಕ್ಕೆ." ಸ್ವಲ್ಪ ತಡೆದು, ಗೌರವದಿಂದಲೇ ಅಂದ, "ಮೂರು ಬಿಂದುಗೆ ಒಂದು ಸಮತಲ ಅಂತ ನೀವೇ ಬೋರ್ಡ್ ಮೇಲೆ ಹಾಕಿದ್ರಿ. ಅದೊಂದೇ ನಂಗೆ ಅರ್ಥ ಆಗಿದ್ದು."

ಹಿಂದಿನ ಎರಡು ತೂತು ಬಿಟ್ಟು, ನಡುವೆ ಹೊಸದೊಂದು ಕೊರೆದು, ತಾನೇ ತಂದ ಒಣ ಹೊನ್ನೆಯ ಮೂರು ಕಾಲು ಬಡಿದು ಹೋದ. ದುಡ್ಡು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ, ಕಾಫಿ ಕುಡಿದ. ಮಣೆ ಅಡುಗೆಮನೆಯಲ್ಲೇ ಸ್ಥಿರವಾಗಿ ಕೂತಿತು.

ಮೊನ್ನೆ ಕಡುಬಿಗೆ ಕಾಯಿ ತುರಿಯಲು ಕೂತ ಅತ್ತೆಗೆ ಹಲಗೆಯ ಹಿಂದೆ ಖಾಲಿ ಬಿದ್ದ ತೂತುಗಳು ಕಂಡವು. "ಇವೆಂಥದ್ದೇ ಎರಡು?"

ಒಲೆಯ ಮುಂದಿನಿಂದ ಮನೆಯವಳು ತಿರುಗಿಯೂ ನೋಡದೆ ಹೇಳಿದಳು, "ಅದಾ? ನಿನ್ನ ಅಳಿಯಂದು ಭಾಗಾಕಾರ ಕಣಮ್ಮ. ಶೇಷ ಎರಡು."