ಕೇಳಬೇಕಾದದ್ದನ್ನು ಮಾತು ನಿಲ್ಲುವ ಮೊದಲೇ ಕೇಳಿ

ಅಪ್ಪನಿಗೆ ಸಿಒಪಿಡಿ, ಅಂದರೆ ಉಸಿರಾಟವನ್ನು ಕ್ರಮೇಣ ಕಷ್ಟವಾಗಿಸುವ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇತ್ತು. ಕೊನೆಯ ಎರಡು ವರ್ಷಗಳಲ್ಲಿ ಐದು ಸಲ ಆಸ್ಪತ್ರೆ ಸೇರಿ, ಐದು ಸಲವೂ ಮನೆಗೆ ಮರಳಿದರು. ಆದರೆ ಪ್ರತಿ ಸಲವೂ ಮೊದಲಿಗಿಂತ ಇನ್ನಷ್ಟು ಸೋತು ಬಂದರು. ಆರನೆಯ ಸಲ ಐಸಿಯುನಲ್ಲಿ, ಒತ್ತಡದಿಂದ ಗಾಳಿ ತುಂಬಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಮಾಸ್ಕ್ ಒತ್ತಿ ಮೂಗಿನ ಮೇಲೆ ಹುಣ್ಣಾಗಿತ್ತು, ಅದನ್ನು ಕಿತ್ತುಹಾಕದಿರಲೆಂದು ಎರಡೂ ಕೈಗಳನ್ನು ಬ್ಯಾಂಡೇಜಿನಿಂದ ಮಂಚದ ಕಂಬಿಗೆ ಕಟ್ಟಿದ್ದರು. ನನ್ನನ್ನು ಕಂಡು ಏನೋ ಹೇಳಲು ಹೊರಟರು, ಮಾಸ್ಕಿನೊಳಗಿನ ಆ ಮಾತು ನನಗೆ ತಿಳಿಯಲಿಲ್ಲ. ನಿಮಗೇನು ಬೇಕು ಎಂದು ಆ ಎರಡು ವರ್ಷಗಳಲ್ಲಿ ವೈದ್ಯರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮುಂದುವರಿದ ಕ್ಯಾನ್ಸರಿನಲ್ಲಿ ಇಳಿಮುಖ ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತದೆ. ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ದೀರ್ಘಕಾಲದ ಕಾಯಿಲೆಗಳಲ್ಲಾದರೋ ರೋಗಿ ಬಿದ್ದು ಏಳುತ್ತಲೇ ಇರುವುದರಿಂದ, ಈ ಸಲವೂ ಎದ್ದಾರೆಂದು ಮನೆಯವರು ನಂಬುತ್ತಾರೆ. ಹೀಗಾಗಿ ಕೊನೆಗಾಲದ ಮಾತುಕತೆ ವೆಂಟಿಲೇಟರ್ ಹಾಕಬೇಕೇ ಬೇಡವೇ ಎಂದು ನಡುರಾತ್ರಿ ಕಾಗದಕ್ಕೆ ಸಹಿ ಕೇಳುವಾಗಲಷ್ಟೇ ಶುರುವಾಗುತ್ತದೆ. ಈ ರೋಗಿ ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯವಾದೀತೇ ಎಂದು ವೈದ್ಯರು ತಮ್ಮನ್ನೇ ಕೇಳಿಕೊಳ್ಳುವ ಒಂದು ಸರಳ ಪದ್ಧತಿಯಿದೆ. ಆಗದು ಎಂಬ ಉತ್ತರ ಬಂದ ದಿನವೇ ರೋಗಿಯ ಬಳಿ ಕುಳಿತು ಮಾತಾಡಬೇಕು. ಅವರು ಒಪ್ಪುವುದೇನು, ಒಲ್ಲೆನೆನ್ನುವುದೇನು ಎಂಬುದನ್ನು ರಾತ್ರಿಪಾಳಿಯ ವೈದ್ಯರಿಗೂ ಕಾಣುವಂತೆ ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆದಿಡಬೇಕು.

ಗಂಭೀರ ಕಾಯಿಲೆಯಲ್ಲಿ ನೋವು, ಸಂಕಟಗಳನ್ನು ತಗ್ಗಿಸುವ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಎಂದರೆ ಕೈಚೆಲ್ಲುವುದು ಎಂಬ ಭಯ ನನಗೂ ಇತ್ತು. 2010ರಲ್ಲಿ ಪ್ರಕಟವಾದ ಬೋಸ್ಟನ್ನಿನ ಅಧ್ಯಯನವೊಂದರಲ್ಲಿ, ದೇಹದ ಬೇರೆ ಭಾಗಗಳಿಗೂ ಹರಡಿದ್ದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳ ಪೈಕಿ, ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಈ ಆರೈಕೆ ಪಡೆದವರು ಕೊನೆಯ ದಿನಗಳಲ್ಲಿ ತೀವ್ರ ಚಿಕಿತ್ಸೆಗೆ ಒಳಗಾದದ್ದು ಕಡಿಮೆ. ಆದರೂ ಅವರಲ್ಲಿ ಅರ್ಧದಷ್ಟು ಮಂದಿ 11.6 ತಿಂಗಳಿಗಿಂತ ಹೆಚ್ಚು ಕಾಲ ಬದುಕಿದರು, ಉಳಿದವರಲ್ಲಿ ಈ ಅವಧಿ 8.9 ತಿಂಗಳು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಈ ಆರೈಕೆ ಬೇಕಾದವರಲ್ಲಿ ಅದು ಸಿಗುತ್ತಿರುವುದು ಸುಮಾರು ಶೇ. 14ರಷ್ಟು ಮಂದಿಗೆ ಮಾತ್ರ. ಉಸಿರಿನ ಸಂಕಟ ತಗ್ಗಿಸಲು ಹಿತಮಿತವಾಗಿ ಕೊಡುವ ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕದ ವಿಷಯದಲ್ಲೂ ಇದೇ ಹಿಂಜರಿಕೆ. ಎಷ್ಟೋ ವಾರ್ಡುಗಳಲ್ಲಿ ಅದರ ಹೆಸರೆತ್ತಲೂ ಅಂಜುತ್ತಾರೆ.

ಎಲ್ಲದಕ್ಕೂ ಹೊಸ ವಿಭಾಗ, ಹೊಸ ಯಂತ್ರ ಬೇಕಿಲ್ಲ. ಕೊನೆಯ ರಾತ್ರಿ ಒಬ್ಬ ನರ್ಸ್ ಮಾನಿಟರಿನ ಸದ್ದು ಅಡಗಿಸಿ, ಅಪ್ಪನ ಒಣಗಿದ ತುಟಿಗೆ ಒದ್ದೆ ಹತ್ತಿ ಸವರಿ, ಕಟ್ಟು ಬಿಚ್ಚಿ, "ನೀವೇ ಕೈ ಹಿಡ್ಕೊಂಡಿರಿ, ಕಟ್ಟೋದು ಬೇಡ" ಎಂದು ನನಗೆ ಕುರ್ಚಿ ಎಳೆದುಕೊಟ್ಟರು. ಬೆಳಗಿನವರೆಗೂ ಅಪ್ಪ ಮಾಸ್ಕಿಗೆ ಕೈ ಹಾಕಲಿಲ್ಲ.